ನೀರಾಗದೆ ಮಾಯವಾಗುವ ಮಂಜುಗಡ್ಡೆ

ಬೆಂಗಳೂರಿನ ವಿಜಯನಗರದ ಮಗ್ಗುಲಲ್ಲಿರುವ ಆರ್‌ಪಿಸಿ ಲೇಔಟ್‌ನ ಹಲವು ದೇವರ ಮನೆಗಳಲ್ಲಿ, ಕರ್ಪೂರದ ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕಿಡುವ ವಾಡಿಕೆ ಉಂಟು. ಡಬ್ಬಿಯನ್ನು ತೆರೆದಿಟ್ಟರೆ ಕರ್ಪೂರವು ದಿನದಿನಕ್ಕೂ ಸವೆಯುತ್ತದೆ. ತಳದಲ್ಲಿ ಮಾತ್ರ ಒಂದು ಹನಿಯೂ ನಿಲ್ಲುವುದಿಲ್ಲ. ಮೆಣಸಿನ ಮಹಿಮೆ ಏನೇ ಇರಲಿ, ಕರ್ಪೂರವನ್ನು ನಿಜವಾಗಿ ಕಾಯುವುದು ಬಿಗಿಯಾದ ಮುಚ್ಚಳ. ಘನವಸ್ತುವು ದ್ರವವಾಗದೆ ನೇರವಾಗಿ ಅನಿಲವಾಗುವ ಈ ಕ್ರಿಯೆಗೆ ಉತ್ಪತನವೆಂದು ಹೆಸರು. ತರಗತಿಯ ಮೇಜಿನ ಮೇಲೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲದ್ದು ಶುಷ್ಕ ಹಿಮ, ಎಂದರೆ ಗಟ್ಟಿಗೊಳಿಸಿದ ಇಂಗಾಲದ ಡೈಆಕ್ಸೈಡ್.

ಇದರ ಶೈತ್ಯ ಸೊನ್ನೆಗಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ತುಣುಕೊಂದನ್ನು ಬೆಚ್ಚನೆಯ ನೀರಿಗೆ ಹಾಕಿದೊಡನೆ ಬಿಳಿಯ ಹೊಗೆಯು ಪಾತ್ರೆಯ ಅಂಚನ್ನು ದಾಟಿ ಕೆಳಮುಖವಾಗಿ ಹರಿಯತೊಡಗುತ್ತದೆ. ನಾಟಕರಂಗದ ಮೇಲೆ ಮೋಡವನ್ನು ತೋರಿಸುವವರೂ ಇದನ್ನೇ ಬಳಸುವುದುಂಟು. ಆ ಹೊಗೆಯೇ ಅನಿಲವೆಂದು ಮಕ್ಕಳು ಭಾವಿಸುವುದು ಸಹಜ. ಆದರೆ ಅನಿಲಕ್ಕೆ ಬಣ್ಣವಿಲ್ಲ. ಕಣ್ಣಿಗೆ ಬೀಳುವುದು ಚಳಿಗೆ ಹನಿಗಟ್ಟಿದ ನೀರಿನ ಆವಿ. ಕಾಣದ ಅನಿಲದ ಇರವನ್ನು ತಿಳಿಯಬೇಕಾದರೆ, ಪಾತ್ರೆಯಲ್ಲಿ ತುಂಬಿಕೊಂಡ ಅದನ್ನು ಉರಿಯುವ ಮೇಣದಬತ್ತಿಯ ಮೇಲೆ ನೀರಿನಂತೆ ಸುರಿಯಬೇಕು. ಸುರಿದದ್ದು ಕಾಣುವುದಿಲ್ಲ, ದೀಪ ಮಾತ್ರ ಆರಿಹೋಗುತ್ತದೆ.

ಹಾಗಾದರೆ ಈ ಹಿಮವು ಎಂದೂ ಕರಗಿ ದ್ರವವಾಗುವುದಿಲ್ಲವೆ? ಉತ್ತರವು ಅದೇ ಮನೆಯ ಅಡಿಗೆಮನೆಯಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಕಡಿಮೆ; ಕಾಫಿಗೆ ಇಟ್ಟ ನೀರು 100 ಡಿಗ್ರಿಯನ್ನು ಮುಟ್ಟದೆ ಸುಮಾರು 97ರಲ್ಲಿಯೇ ಕುದಿಯುತ್ತದೆ. ಪಕ್ಕದ ಒಲೆಯ ಮೇಲಿನ ಪ್ರೆಷರ್ ಕುಕ್ಕರಿನೊಳಗಾದರೋ, ಒತ್ತಡ ಹೆಚ್ಚಿದಂತೆ ನೀರು 100 ಡಿಗ್ರಿಯನ್ನು ದಾಟಿಯೂ ದ್ರವವಾಗಿಯೇ ಉಳಿದು ಬೇಳೆಯನ್ನು ಬೇಗನೆ ಬೇಯಿಸುತ್ತದೆ. ಶುಷ್ಕ ಹಿಮವೂ ಇದೇ ನಿಯಮಕ್ಕೆ ಒಳಪಟ್ಟದ್ದು. ವಾಯುಮಂಡಲದ ಒತ್ತಡದ ಐದು ಪಟ್ಟಿಗಿಂತ ತುಸು ಹೆಚ್ಚಿನ ಒತ್ತಡ ಬಿದ್ದರೆ ಅದೂ ಕರಗುತ್ತದೆ. ತೆರೆದ ಮೇಜಿನ ಮೇಲೆ ಅಷ್ಟು ಒತ್ತಡವೆಲ್ಲಿಯದು? 1835ರಲ್ಲಿ ಫ್ರಾನ್ಸಿನ ತಿಲೊರಿಯೆ ಇದನ್ನು ಕಂಡದ್ದು ತಿರುಗಿದ ಕ್ರಮದಲ್ಲಿ. ಒತ್ತಡದಲ್ಲಿಟ್ಟಿದ್ದ ದ್ರವವನ್ನು ಹೊರಬಿಟ್ಟಾಗ ಒಂದು ಪಾಲು ಆವಿಯಾಗಿ, ಉಳಿದದ್ದು ಹಿಮವಾಗಿ ಗಟ್ಟಿಗೊಂಡಿತು.

ಕರ್ಪೂರವನ್ನು ಕಾಯುವ ಮುಚ್ಚಳವೇ ಇಲ್ಲಿ ಅಪಾಯಕಾರಿ. ಒಂದು ಕಿಲೋಗ್ರಾಂ ಶುಷ್ಕ ಹಿಮದಿಂದ 500 ಲೀಟರಿಗೂ ಮಿಕ್ಕ ಅನಿಲ ಹೊರಡುತ್ತದೆ. ಐಸ್‌ಕ್ರೀಮಿನ ಪೆಟ್ಟಿಗೆಯೊಡನೆ ಮನೆಗೆ ಬಂದ ತುಣುಕನ್ನು ಹುಡುಗರು ಬಾಟಲಿಗೆ ಹಾಕಿ ಬಿರಡೆ ಬಿಗಿದರೆ, ಬಾಟಲಿ ಸಿಡಿದು ಕಣ್ಣಿಗೇ ಕುತ್ತು ಬರಬಹುದು. ಕಲ್ಲುಸಕ್ಕರೆಯೆಂದು ಬಾಯಿಗಿಟ್ಟರಂತೂ ಇನ್ನೂ ಘೋರ. 2024ರ ಮಾರ್ಚ್ ತಿಂಗಳಲ್ಲಿ ದೆಹಲಿಯ ಬಳಿಯ ಗುರುಗ್ರಾಮದಲ್ಲಿ, ಊಟದ ಬಳಿಕ ಬಾಯಿಯ ಶುದ್ಧಿಗೆಂದು ಕೊಟ್ಟ ಶುಷ್ಕ ಹಿಮವನ್ನು ಬಾಯಿಗೆ ಹಾಕಿಕೊಂಡ ಐವರು ರಕ್ತ ವಾಂತಿಮಾಡಿ ಆಸ್ಪತ್ರೆ ಸೇರಿದರು. ಅವರೆಲ್ಲರೂ ವಯಸ್ಕರೇ.

ಆದ್ದರಿಂದ ಪ್ರಯೋಗಕ್ಕೆ ನಿಲ್ಲುವ ಉಪಾಧ್ಯಾಯರು ಕಿಟಕಿಗಳನ್ನು ತೆರೆಸಿ, ಕನ್ನಡಕ ಧರಿಸಿ, ದಪ್ಪ ಕೈಗವಸು ತೊಟ್ಟು, ಇಕ್ಕುಳದಿಂದಲೇ ತುಣುಕನ್ನು ಎತ್ತಬೇಕು. ಪಾಠ ಮುಗಿದ ಮೇಲೆ ಉಳಿದದ್ದನ್ನು ಮಕ್ಕಳ ಕೈಗೆ ಎಟುಕದಂತೆ, ಗಾಳಿಯಾಡುವ ಬಯಲಲ್ಲಿ, ತೆರೆದ ಪಾತ್ರೆಯಲ್ಲಿ ಬಿಟ್ಟರಾಯಿತು. ಮರುದಿನ ಬೆಳಿಗ್ಗೆ ನೋಡುವಾಗ ಪಾತ್ರೆ ಬರಿದಾಗಿರುತ್ತದೆ.