ಮನೋರೋಗಿಯೂ ಸಮಾಜವೂ: ಟ್ರಿಯೆಸ್ಟೆಯ ಪ್ರಯೋಗ

1973ರಲ್ಲಿ ಒಂದು ದಿನ, ಇಟಲಿಯ ಈಶಾನ್ಯದ ಅಂಚಿನಲ್ಲಿರುವ ಟ್ರಿಯೆಸ್ಟೆ ಎಂಬ ಬಂದರು ಪಟ್ಟಣದ ಹುಚ್ಚಾಸ್ಪತ್ರೆಯಿಂದ ವಿಚಿತ್ರವಾದ ಮೆರವಣಿಗೆಯೊಂದು ಹೊರಟಿತು. ಮುಂದೆ, ಮರದಿಂದಲೂ ಕಾಗದದ ಮುದ್ದೆಯಿಂದಲೂ ಮಾಡಿ ಗಾಲಿಗಳ ಮೇಲೆ ನಿಲ್ಲಿಸಿದ ದೊಡ್ಡದೊಂದು ನೀಲಿ ಕುದುರೆ. ಹಿಂದೆ ರೋಗಿಗಳು, ದಾದಿಯರು, ವೈದ್ಯರು, ಕಲಾವಿದರು. ಕುದುರೆಯ ಗಾತ್ರಕ್ಕೆ ಬಾಗಿಲು ಸಾಲದೆ ಹೋದುದರಿಂದ ಬಾಗಿಲನ್ನೇ ಒಡೆದು ಅದನ್ನು ಹೊರಗೆ ತರಬೇಕಾಯಿತು. ಆಸ್ಪತ್ರೆಯ ಕೊಳೆಬಟ್ಟೆಯ ಗಾಡಿಯನ್ನು ಬಹುಕಾಲ ಎಳೆದ ಮಾರ್ಕೊ ಎಂಬ ನಿಜವಾದ ಕುದುರೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದರು. ಹಿಂದಿನ ವರ್ಷ ಆ ಮುದಿ ಪ್ರಾಣಿಯನ್ನು ಕಟುಕನ ಪಾಲು ಮಾಡಲು ಹೊರಟಾಗ, ಅದೇ ಬರೆದಂತೆ ಒಂದು ಅರ್ಜಿಯನ್ನು ಅಧಿಕಾರಿಗಳಿಗೆ ಕಳುಹಿಸಿ, ಅದನ್ನು ಉಳಿಸಿಕೊಂಡಿದ್ದರು.

ಇದನ್ನು ಹುಚ್ಚಾಟವೆಂದು ನಕ್ಕುಬಿಡುವುದು ಸುಲಭ. ಆದರೆ ಮನೋರೋಗಿಗಳ ಆರೈಕೆಯನ್ನೇ ವೃತ್ತಿಯಾಗಿ ಉಳ್ಳವರ ಕೆಲಸವು ಬುಡಮಟ್ಟ ಬದಲಾದ ಕತೆ ಇದರ ಹಿಂದೆ ಇದೆ.

ಇಟಲಿಯ 1904ರ ಕಾನೂನಿನ ಪ್ರಕಾರ, ತನಗಾಗಲಿ ಇತರರಿಗಾಗಲಿ ಅಪಾಯಕಾರಿಯಾದ, ಇಲ್ಲವೆ ಸಾರ್ವಜನಿಕರ ಕಣ್ಣಿಗೆ ಅಸಭ್ಯನೆನಿಸಿದ ಮನೋರೋಗಿಯನ್ನು ಆಸ್ಪತ್ರೆಯಲ್ಲಿ ಕೂಡಿಹಾಕಬೇಕಾಗಿತ್ತು. ಅವನ ರೋಗ ವಾಸಿಯಾಗುವುದೆ ಎಂಬ ಪ್ರಶ್ನೆ ಹಿಂದೆ ಸರಿದು, ಅವನಿಂದ ಕೇಡಾಗುವುದೆ ಎಂಬುದೇ ಮುಂದೆ ನಿಂತಿತು. ಹೀಗಾಗಿ ದಾದಿಯ ಕೆಲಸವೆಂದರೆ ಬಾಗಿಲು ಹಾಕುವುದು, ತಲೆ ಎಣಿಸುವುದು, ಅಗತ್ಯಬಿದ್ದರೆ ರೋಗಿಯನ್ನು ಮಂಚಕ್ಕೆ ಕಟ್ಟುವುದು ಎಂದಾಯಿತು.

ಫ್ರಾಂಕೊ ಬಸಾಲಿಯಾ (1924–1980) ಎಂಬ ಮನೋವೈದ್ಯನು 1961ರಲ್ಲಿ ಗೊರಿಜಿಯ ಪಟ್ಟಣದ ಹುಚ್ಚಾಸ್ಪತ್ರೆಯ ಮುಖ್ಯಸ್ಥನಾಗಿ ಬಂದಾಗ ಇದನ್ನು ಕಂಡು ತತ್ತರಿಸಿದನು. ಆತನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು: ಮೂಲೆಯಲ್ಲಿ ಮಾತಿಲ್ಲದೆ, ಆಸೆಯಿಲ್ಲದೆ, ಗೋಡೆಯನ್ನೇ ನೋಡುತ್ತ ಕುಳಿತಿರುವ ಈ ಮನುಷ್ಯನಲ್ಲಿ ರೋಗದ ಪಾಲೆಷ್ಟು, ಇಪ್ಪತ್ತು ವರ್ಷಗಳ ಸೆರೆಯ ಪಾಲೆಷ್ಟು?

ಇದು ಕೇವಲ ಕನಿಕರದ ಮಾತಲ್ಲ, ಅಳೆದು ನೋಡಬಹುದಾದ ಸಂಗತಿ. ಇಂಗ್ಲೆಂಡಿನಲ್ಲಿ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಎಂಬ ಸಂಶೋಧಕರು 1960ರಿಂದ 1968ರ ವರೆಗೆ ಮೂರು ಆಸ್ಪತ್ರೆಗಳಲ್ಲಿ, ಸ್ಕಿಜೊಫ್ರೀನಿಯ ಎಂಬ ತೀವ್ರ ಮನೋರೋಗದಿಂದ ಬಹುಕಾಲ ಅಲ್ಲಿಯೇ ಉಳಿದಿದ್ದ ಹೆಂಗಸರನ್ನು ಪರೀಕ್ಷಿಸಿದರು. ರೋಗಿಗೆ ತನ್ನದೆನ್ನಬಹುದಾದ ವಸ್ತುಗಳೆಷ್ಟು, ದಿನದಲ್ಲಿ ಏನೂ ಮಾಡದೆ ಕಳೆಯುವ ಗಂಟೆಗಳೆಷ್ಟು ಎಂಬುದನ್ನೆಲ್ಲ ಅವರು ಲೆಕ್ಕ ಹಾಕಿದರು. ಪರಿಸರವು ಬಡವಾದಷ್ಟೂ ರೋಗಿಯ ಮಾತೂ ಭಾವವೂ ಬಡವಾಗಿದ್ದುವು. ಸುಮ್ಮನೆ ಕೂರುವ ಗಂಟೆಗಳು ಕಡಮೆಯಾದಲ್ಲಿ ರೋಗಿಯೂ ಸುಧಾರಿಸಿದಳು. ರೋಗಲಕ್ಷಣವೆಂದು ತಿಳಿದದ್ದರಲ್ಲಿ ಒಂದು ಭಾಗವನ್ನು ಆಸ್ಪತ್ರೆಯೇ ತಯಾರಿಸುತ್ತಿತ್ತು!

1971ರಲ್ಲಿ ಬಸಾಲಿಯಾ ಟ್ರಿಯೆಸ್ಟೆಗೆ ಬಂದಾಗ ಅಲ್ಲಿಯ ಸಾನ್ ಜೊವಾನ್ನಿ ಆಸ್ಪತ್ರೆಯಲ್ಲಿ ಸುಮಾರು 1200 ಮಂದಿ ರೋಗಿಗಳಿದ್ದರು. ವಾರ್ಡುಗಳ ಬೀಗಗಳನ್ನು ತೆಗೆಯಲಾಯಿತು. ಹೋಗಲು ಮನೆಯಿಲ್ಲದೆ ಉಳಿದವರನ್ನು ರೋಗಿಗಳೆನ್ನದೆ ‘ಅತಿಥಿ’ಗಳೆಂದು ದಾಖಲಿಸಿದರು. ಅದುವರೆಗೆ ರೋಗಿಗಳು ಆಸ್ಪತ್ರೆಯ ನೆಲ ಗುಡಿಸುವುದಕ್ಕೆ ‘ಚಿಕಿತ್ಸೆ’ ಎಂಬ ಹೆಸರಿತ್ತು. ಚಿಕಿತ್ಸೆಗೆ ಸಂಬಳ ಕೊಡುವವರುಂಟೆ? ಅದೇ ರೋಗಿಗಳು 1972ರ ಕೊನೆಗೆ ಸಹಕಾರ ಸಂಘವೊಂದನ್ನು ಕಟ್ಟಿ, ಅದೇ ನೆಲವನ್ನು ಕರಾರಿನ ಮೇಲೆ ಗುಡಿಸಿ, ಕೂಲಿ ಪಡೆದರು. ಕಸಬರಿಕೆ ಬದಲಾಗಲಿಲ್ಲ, ಹಿಡಿದವನ ಸ್ಥಾನ ಬದಲಾಯಿತು.

ದಾದಿಯ ಕೆಲಸವೂ ಹಾಗೆಯೇ ಬದಲಾಯಿತು. ಬಾಡಿಗೆಗೆ ಮನೆ ಹುಡುಕುವುದು, ಮನೆಯ ಯಜಮಾನನನ್ನು ಒಪ್ಪಿಸುವುದು, ಕೂಗಾಟಕ್ಕೆ ಬೇಸತ್ತ ನೆರೆಯವರ ದೂರನ್ನು ತಾಳ್ಮೆಯಿಂದ ಕೇಳುವುದು, ಹಣ ಮುಟ್ಟಿಯೇ ತಿಳಿಯದವನ ಜೊತೆಗೆ ಅಂಗಡಿಗೆ ಹೋಗುವುದು, ಇವೆಲ್ಲವೂ ಶುಶ್ರೂಷೆಯಾದುವು. ಔಷಧವನ್ನು ಯಾರೂ ಎಸೆಯಲಿಲ್ಲ. ಆದರೆ ‘ಗುಣ’ ಬೇರೆ, ‘ಚೇತರಿಕೆ’ ಬೇರೆ ಎಂಬುದು ಸ್ಪಷ್ಟವಾಯಿತು. ಇಲ್ಲದ ಧ್ವನಿಗಳು ಕಿವಿಗೆ ಆಗಾಗ ಕೇಳಿಸುತ್ತಿದ್ದರೂ ಒಬ್ಬನು ತನ್ನ ಕೋಣೆಯ ಬಾಡಿಗೆ ತೆತ್ತು, ಕೆಲಸಕ್ಕೆ ಹೋಗಿ, ಸಂಜೆ ಗೆಳೆಯರೊಡನೆ ಕಾಫಿ ಕುಡಿಯಬಲ್ಲನು. ಇದಕ್ಕಾಗಿ ರೋಗವು ಪೂರ್ತಿ ಮಾಯುವವರೆಗೆ ಕಾಯಬೇಕಾಗಿಲ್ಲ. ಕಾದರೆ ಆಯುಷ್ಯವೇ ಕಳೆದುಹೋದೀತು.

ಇದರಲ್ಲಿ ಅಪಾಯವಿಲ್ಲವೆ ಎಂದು ವಾಚಕರು ಕೇಳಬಹುದು. ಉಂಟು. 1968ರಲ್ಲಿ ಗೊರಿಜಿಯದಿಂದ ಒಂದು ದಿನದ ರಜೆಯ ಮೇಲೆ ಮನೆಗೆ ಹೋದ ರೋಗಿಯೊಬ್ಬನು ತನ್ನ ಹೆಂಡತಿಯನ್ನು ಕೊಂದನು. ಬಸಾಲಿಯಾನ ಮೇಲೆ ಮೊಕದ್ದಮೆ ನಡೆದು, ಕೊನೆಗೆ ಆತನು ನಿರ್ದೋಷಿಯೆಂದು ತೀರ್ಪಾಯಿತು. ಆ ಹೆಂಗಸಿನ ಪ್ರಾಣವು ಮರಳಲಿಲ್ಲ. ಈ ಘಟನೆಯನ್ನು ಮರೆಮಾಡಿ ಸುಧಾರಣೆಯನ್ನು ಹೊಗಳುವುದು ಪ್ರಾಮಾಣಿಕವಲ್ಲ. ಒಬ್ಬನ ಕೃತ್ಯಕ್ಕಾಗಿ ಸಾವಿರ ಮಂದಿಯನ್ನು ಮತ್ತೆ ಕೂಡಿಹಾಕುವುದು ನ್ಯಾಯವೂ ಅಲ್ಲ. ಬೀಗವಿದ್ದಾಗ ಅಪಾಯದ ಹೊಣೆ ಗೋಡೆಯದು. ಬೀಗ ತೆಗೆದ ಮೇಲೆ ಅದು ರೋಗಿಯನ್ನು ಬಲ್ಲ, ಅವನ ಮನೆಯವರ ಭಯವನ್ನೂ ಕೇಳಿ ತಿಳಿದ ಮನುಷ್ಯರ ಮೇಲೆ ಬೀಳುತ್ತದೆ.

1978ರ ಮೇ 13ರಂದು ಇಟಲಿಯಲ್ಲಿ 180ನೆಯ ಸಂಖ್ಯೆಯ ಕಾನೂನು ಅಂಗೀಕಾರವಾಗಿ, ಹುಚ್ಚಾಸ್ಪತ್ರೆಗಳಿಗೆ ಹೊಸ ರೋಗಿಗಳನ್ನು ಸೇರಿಸುವುದು ನಿಂತಿತು. ಟ್ರಿಯೆಸ್ಟೆಯಲ್ಲಿ ಆ ವೇಳೆಗೆ ಬಡಾವಣೆಗಳಲ್ಲಿ ಮಾನಸಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡಿದ್ದುವು. ಕ್ರಮೇಣ ಅವು ಕೆಲವೇ ಹಾಸಿಗೆಗಳಿರುವ, ಹಗಲೂ ರಾತ್ರಿಯೂ ತೆರೆದ ಮನೆಗಳಾದುವು. ಬೇರೆ ಅನೇಕ ಪ್ರಾಂತಗಳಲ್ಲಿ ಇಂತಹ ಏರ್ಪಾಡಿಲ್ಲದೆ ಕಾನೂನು ಮಾತ್ರ ಬಂದುದರಿಂದ ಭಾರವೆಲ್ಲ ಮನೆಯವರ, ಅದರಲ್ಲಿಯೂ ತಾಯಂದಿರ, ಹೆಗಲಿಗೆ ಬಿದ್ದಿತು. ಅವರ ದೂರಿನಲ್ಲಿ ಹುರುಳಿತ್ತು. ಇತ್ತ ಟ್ರಿಯೆಸ್ಟೆಯ ಸಹಕಾರ ಸಂಘದ ಬೀಜವು ಮೊಳೆತು, 1991ರ ಕಾನೂನಿನಲ್ಲಿ ಫಲಿಸಿತು: ಒಂದು ಬಗೆಯ ಸಾಮಾಜಿಕ ಸಹಕಾರ ಸಂಘಗಳಲ್ಲಿ ಕೆಲಸಗಾರರ ಪೈಕಿ ಕಡಮೆಯೆಂದರೆ ನೂರಕ್ಕೆ 30 ಮಂದಿ, ಮನೋರೋಗಿಗಳೇ ಮೊದಲಾದ ಹಿಂದೆ ಬಿದ್ದವರಾಗಿರಬೇಕು.

ಸಾನ್ ಜೊವಾನ್ನಿಯ ಆವರಣವು ಈಗ ಊರಿನವರು ಅಡ್ಡಾಡುವ ಉದ್ಯಾನ. ವಾರ್ಡುಗಳಿದ್ದ ಕಟ್ಟಡಗಳಲ್ಲಿ ವಿಶ್ವವಿದ್ಯಾನಿಲಯದ ವಿಭಾಗಗಳೂ ಕಚೇರಿಗಳೂ ಇವೆ. ಇಳಿಜಾರಿನಲ್ಲಿ ಸಾವಿರಾರು ಗುಲಾಬಿ ಗಿಡಗಳ ತೋಟವಿದೆ.