ಅಲಗು ಹಳೆಯದು, ಹಿಡಿ ಹೊಸದು

ಅಮ್ಮನ ತರಕಾರಿ ಚಾಕುವಿನ ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಒಣಗಿ, ಕೊನೆಗೊಂದು ದಿನ ಉದ್ದಕ್ಕೆ ಸೀಳಿತು. ಬಟ್ಟೆ ಸುತ್ತಿಕೊಂಡು ಕೆಲವು ವಾರ ನಡೆಸಿದರು. ಹೊಸ ಚಾಕು ತರುತ್ತೇನೆ ಅಂದರೆ, "ಅಲಗು ಇನ್ನೂ ಗಟ್ಟಿ ಇದೆಯಲ್ಲೋ, ಹಿಡಿ ಹೋಯ್ತು ಅಂತ ಚಾಕು ಎಸೀತಾರಾ?" ಎಂದರು. ಅದೇ ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ನೀರಿನ ಬಾಟಲಿಗಳ ಮುಚ್ಚಳ, ಶ್ಯಾಂಪೂ ಬಾಟಲಿ, ಫಿನಾಯಿಲ್ ಕ್ಯಾನು ತುಂಬಿ ತುಳುಕುತ್ತಿದ್ದವು. ಹೊಸ ಹಿಡಿ ಬಂದದ್ದು ಆ ಬುಟ್ಟಿಯಿಂದ.

ಈ ಕೆಲಸದಲ್ಲಿ ಪ್ಲಾಸ್ಟಿಕ್ ಕರಗಿಸುವುದು ಸುಲಭದ ಭಾಗ. ಕಷ್ಟ ಇರುವುದು ಅದನ್ನು ಅಲಗಿಗೆ ಕೂರಿಸುವುದರಲ್ಲಿ. ಕಾರಣ ತಿಳಿದುಕೊಂಡರೆ ಮುಂದಿನ ಪ್ರತಿ ಹೆಜ್ಜೆಯೂ ಅರ್ಥವಾಗುತ್ತದೆ.

ಹಿಡಿಗೆ ಒಗ್ಗುವ ಪ್ಲಾಸ್ಟಿಕ್ಕಿನ ಹೆಸರು ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥೀನ್. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ಸಿಕ್ಕಿತು. ಅದು ಮೆತ್ತಗಿನ ಬಗೆ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲೇ ಗಟ್ಟಿ ಪಾಲಿಥೀನ್ ತಯಾರಿಸುವ ದಾರಿ ಕಂಡುಕೊಂಡರು. ಇಟಲಿಯ ಜೂಲಿಯೋ ನಾಟಾ ಜೊತೆ 1963ರಲ್ಲಿ ಅವರಿಗೆ ನೊಬೆಲ್ ಬಂತು. ಗಟ್ಟಿ ಬಗೆಯಲ್ಲಿ ಅಣುಗಳ ಸರಪಳಿಗೆ ಕವಲುಗಳು ತೀರಾ ಕಡಿಮೆ. ಸೌದೆ ರಾಶಿಯಲ್ಲಿ ನೇರ ಕೋಲುಗಳು ಒತ್ತಾಗಿ ಕೂರುವ ಹಾಗೆ ಅವು ಒಂದಕ್ಕೊಂದು ತಾಗಿ ಜೋಡಿಸಿಕೊಳ್ಳುತ್ತವೆ. ಎಚ್‌ಡಿಪಿಇ ಗಟ್ಟಿಯಾಗಿರುವುದು ಇದರಿಂದ. ತಣಿಯುವಾಗ ನೂರಕ್ಕೆ ಎರಡು ಮೂರು ಪಾಲು ಕುಗ್ಗುವುದೂ ಇದರಿಂದಲೇ. ಮೇಲ್ಮೈ ಮೇಣದಂತೆ ನುಣುಪು, ಅಂಟು ಕಚ್ಚುವುದಿಲ್ಲ. ಎರಡು ಕೊಳವೆಯ ಎಪಾಕ್ಸಿ ಹಚ್ಚಿದರೂ ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಬಹುದು. ಕುಗ್ಗುವುದು, ಅಂಟಿಸಿಕೊಳ್ಳದಿರುವುದು: ಈ ಎರಡು ಗುಣಗಳನ್ನು ಕೊನೆಯವರೆಗೂ ನೆನಪಿಡಿ.

ಗುರುತಿಸಲು ಬಾಟಲಿಯ ತಳ ನೋಡಿ. ಬಾಣಗಳ ತ್ರಿಕೋನದೊಳಗೆ ಅಂಕಿ ಇರುತ್ತದೆ. 2 ಇದ್ದರೆ ಎಚ್‌ಡಿಪಿಇ. 5 ಇದ್ದರೆ ಪಿಪಿ; ಅದರಲ್ಲೂ ಹಿಡಿ ಮಾಡಬಹುದು, ಆದರೆ ಅದು ಕರಗಲು 160 ಡಿಗ್ರಿ ದಾಟಬೇಕು ಮತ್ತು 2ರ ಜೊತೆ ಬೆರೆಯುವುದಿಲ್ಲ; ಬೆರೆಸಿದರೆ ಪದರ ಪದರವಾಗಿ ಬಿಡುತ್ತದೆ. 3 ಎಂದರೆ ಪಿವಿಸಿ. ಅದನ್ನು ಯಾವ ಕಾರಣಕ್ಕೂ ಕಾಯಿಸಬೇಡಿ, ಶ್ವಾಸಕೋಶ ಸುಡುವ ಆಮ್ಲದ ಅನಿಲ ಬರುತ್ತದೆ. ಅಂಕಿ ಇಲ್ಲದ ಚೂರನ್ನು ನೀರಿಗೆ ಹಾಕಿ. 2 ಮತ್ತು 5 ತೇಲುತ್ತವೆ, ಪಿವಿಸಿ ಮುಳುಗುತ್ತದೆ. ಮುಳುಗಿದ್ದನ್ನು ಬದಿಗಿಡಿ. ನೀರಿನ ಬಾಟಲಿಯ ಮೈ ಬೇರೆ ಪ್ಲಾಸ್ಟಿಕ್, ಅದಕ್ಕೆ 1ರ ಗುರುತು; ಅದರ ಮುಚ್ಚಳ ಮಾತ್ರ ನಮಗೆ ಬೇಕು. ಕೆಲವು ಮುಚ್ಚಳಗಳು ಪಿಪಿಯವೂ ಇರುತ್ತವೆ, ಒಳಬದಿಯ ಗುರುತು ನೋಡಿಕೊಳ್ಳಿ. ಕೀಟನಾಶಕದ ಕ್ಯಾನುಗಳ ತಳದಲ್ಲೂ 2 ಇರಬಹುದು. ಅವನ್ನು ಮುಟ್ಟಲೇಬೇಡಿ, ಎಷ್ಟು ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ.

ಒಂದು ಹಿಡಿಗೆ 12 ಸೆಂಟಿಮೀಟರ್ ಉದ್ದ, 3.5 ಅಗಲ, 2.5 ದಪ್ಪದ ದಿಮ್ಮಿ ಸಾಕು. ತೂಕ ಸುಮಾರು 100 ಗ್ರಾಂ. ಕುಗ್ಗುವುದು, ಕೊಯ್ಯುವಾಗ ಉದುರುವುದು ಎಲ್ಲ ಸೇರಿಸಿ 130 ಗ್ರಾಂ ತೂಗಿಕೊಳ್ಳಿ. ಲೇಬಲ್ಲು ಕಿತ್ತು, ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಅಂಟನ್ನು ಉಜ್ಜಿ ತೆಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ತೇವ ಉಳಿದರೆ ಅದು ಆವಿಯಾಗಿ ದಿಮ್ಮಿಯೊಳಗೆ ಗುಳ್ಳೆ ಕಟ್ಟುತ್ತದೆ. ಆಮೇಲೆ ಕತ್ತರಿಯಲ್ಲಿ ಉಗುರಿನಷ್ಟು ಚೂರು ಮಾಡಿ, ಬಣ್ಣಕ್ಕೊಂದು ಬಟ್ಟಲಿನಂತೆ ಬೇರೆ ಇಡಿ.

ಕರಗಿಸಲು ಅಡುಗೆಗೆ ಬಳಸದ ಹಳೆಯ ಒಟಿಜಿ ಒಲೆ ಒಳ್ಳೆಯದು. ಗ್ಯಾಸಿನ ಮೇಲೆ ತವಾ ಇಟ್ಟು ಕರಗಿಸಬೇಡಿ. ಉರಿ ಹತೋಟಿಗೆ ಸಿಗುವುದಿಲ್ಲ, ತಳ ಹೊತ್ತಿ ಹೊಗೆಯೇಳುತ್ತದೆ, ಬೆಂಕಿಯೂ ಹತ್ತಬಹುದು. ಎಚ್‌ಡಿಪಿಇ ಕರಗುವುದು 130 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಒಲೆಯನ್ನು 170ಕ್ಕೆ ಇಟ್ಟರೆ ಅರ್ಧ ಗಂಟೆಯೊಳಗೆ ಚೂರುಗಳು ಚಕ್ಕುಲಿ ಹಿಟ್ಟಿನ ಹದಕ್ಕೆ ಬರುತ್ತವೆ. ಹಳೆಯ ಒಲೆಗಳ ಗುಂಡಿ ತೋರಿಸುವ ಅಂಕಿಯನ್ನು ನೆಚ್ಚಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಮೇಣದ ಬತ್ತಿಯ ಸಣ್ಣ ವಾಸನೆ ಸಹಜ. ಹೊಗೆ ಕಂಡರೆ ಕೂಡಲೇ ಒಲೆ ಆರಿಸಿ. ಅಂಗಳದಲ್ಲೋ ತೆರೆದ ಜಗಲಿಯಲ್ಲೋ ಮಾಡಿ. ಮಕ್ಕಳು ಹತ್ತಿರ ಇರಬಾರದು. ಒಳಗೆ ಹತ್ತಿಯ ಗ್ಲೌಸು, ಮೇಲೆ ಚರ್ಮದ ಗ್ಲೌಸು ಹಾಕಿಕೊಳ್ಳಿ. ನೈಲಾನ್ ಬೇಡ, ಅದೇ ಕರಗಿ ಕೈಗೆ ಹತ್ತುತ್ತದೆ. ಬಿಸಿ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡರೆ ಕೀಳಬೇಡಿ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು ವೈದ್ಯರ ಬಳಿ ಹೋಗಿ.

ಟ್ರೇಯಲ್ಲಿ ಸಿಲಿಕೋನ್ ಹಾಳೆ ಹಾಸಿ ಅದರ ಮೇಲೆ ಚೂರು ಹರಡಿ. ಮೆತ್ತಗಾದಾಗ ಹಾಳೆಯ ಸಮೇತ ಮಡಚಿ, ಹಿಂಡಿ, ತಿರುಚಿ ಮತ್ತೆ ಒಲೆಗಿಡಿ. ಚಿರೋಟಿಯ ಪದರ ಮಡಚಿದ ಹಾಗೆ ನಾಲ್ಕೈದು ಸಲ ಮಾಡಿದರೆ ನೀಲಿ, ಬಿಳಿ, ಹಸಿರು ಒಂದರೊಳಗೊಂದು ಹರಿದು ಅಮೃತಶಿಲೆಯಂಥ ಗೆರೆ ಮೂಡುತ್ತದೆ. ಜಾಸ್ತಿ ತಿರುಚಿದರೆ ಗೆರೆಗಳೆಲ್ಲ ಕಲಸಿ ಒಂದೇ ಬೂದುಬಣ್ಣ. ಮನಸ್ಸಿಗೆ ಹಿಡಿಸಿದಾಗ ನಿಲ್ಲಿಸಿಬಿಡಿ. ಎರಡು ಚಾಕುವಿಗೆ ಒಂದೇ ಗೆರೆ ಎಂದೂ ಬರುವುದಿಲ್ಲ. ನನಗೆ ಈ ಕೆಲಸ ಅಂಟಿಕೊಂಡದ್ದು ಅದಕ್ಕೇ.

ಅಚ್ಚಿಗೆ ಸ್ಕ್ರೂ ಹಾಕಿ ಬಿಚ್ಚಬಹುದಾದ ಮರದ ಪೆಟ್ಟಿಗೆ ಸಾಕು, ಒಳಗೆ ಬೇಕಿಂಗ್ ಕಾಗದ. ಬಿಸಿ ಮುದ್ದೆಯನ್ನು ತುಂಬಿ, ಒಳಕ್ಕೆ ಜಾರುವಂಥ ಮುಚ್ಚಳ ಇಟ್ಟು, ಸಿ-ಕ್ಲಾಂಪಿನಿಂದ ಬಿಗಿಯಿರಿ. ನನ್ನ ಮೊದಲ ದಿಮ್ಮಿ ಹಾಳಾದದ್ದು ಇಲ್ಲಿ. ಒಮ್ಮೆ ಬಿಗಿದು ಬಿಟ್ಟುಬಿಟ್ಟೆ. ಹೊರಗೆ ಚೆಂದವಾಗಿ ಕಂಡಿತು, ಸೀಳಿದಾಗ ನಡುವೆ ಬೆರಳು ತೂರುವಷ್ಟು ಪೊಳ್ಳು. ಹೊರಗಿನ ಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ತಡವಾಗಿ ಕುಗ್ಗುವಾಗ ಜಾಗ ತುಂಬಲು ಏನೂ ಇರುವುದಿಲ್ಲ. ಹಾಗಾಗಿ ಮೊದಲ ಒಂದು ಗಂಟೆ ಐದೈದು ನಿಮಿಷಕ್ಕೊಮ್ಮೆ ಕ್ಲಾಂಪ್ ತಿರುಗಿಸುತ್ತಿರಬೇಕು. ನೀರಿಗೆ ಹಾಕಿ ಬೇಗ ತಣಿಸಬೇಡಿ, ಬಾಗುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಬಿಚ್ಚಿ.

ಇನ್ನು ಕೂರಿಸುವ ಕೆಲಸ. ಅದಕ್ಕೆ ಮೊದಲು ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪು ಹಾಕಿ. ಹಿಡಿಯೊಳಗೆ ಹೋಗುವ ಅಲಗಿನ ಬಾಲ ಎರಡು ಬಗೆ.

ಪಟ್ಟಿಯಂತೆ ಅಗಲವಾಗಿ ಹಿಡಿಯ ತುದಿಯವರೆಗೂ ಬರುವುದು ಮೊದಲನೆಯದು. ಇದಕ್ಕೆ ದಿಮ್ಮಿಯನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಎರಡು ಹೋಳು ಮಾಡಿ, ಬಾಲದ ಎರಡೂ ಮಗ್ಗುಲಿಗೆ ಇಡಬೇಕು. ಪುಸ್ತಕ ತೆರೆದಿಟ್ಟ ಹಾಗೆ ಎರಡೂ ಕಡೆ ಗೆರೆಗಳು ಜೋಡಿಯಾಗಿ ಬರುತ್ತವೆ. ಅಂಟು ಕಚ್ಚದ್ದರಿಂದ ಹಿಡಿತವೆಲ್ಲ ಕೀಲಿನದು. ಹಳೆಯ ಚಾಕುವಿನ ಬಾಲದಲ್ಲಿ ತೂತುಗಳು ಇದ್ದೇ ಇರುತ್ತವೆ. ಅವುಗಳ ಗುರುತಿಗೆ ಹೋಳುಗಳನ್ನೂ ಕೊರೆಯಿರಿ. ಹಿತ್ತಾಳೆ ಸರಳು ತೂರಿಸಿ ಎರಡೂ ತುದಿ ಬಡಿದು ಚಪ್ಪಟೆ ಮಾಡುವುದು ವಾಡಿಕೆ. ನಾನು ಮಾತ್ರ ಹಿತ್ತಾಳೆಯ ಬೋಲ್ಟು-ನಟ್ಟು ಹಾಕಿ, ಅಡಿಗೆ ವಾಷರ್ ಇಟ್ಟು, ತಲೆಗಳು ಪ್ಲಾಸ್ಟಿಕ್ಕಿನೊಳಗೆ ಹುದುಗುವಂತೆ ಕೂರಿಸುತ್ತೇನೆ. ನಿರಂತರ ಒತ್ತಡದಡಿ ಎಚ್‌ಡಿಪಿಇ ನಿಧಾನಕ್ಕೆ ಸರಿಯುತ್ತದೆ, ವರ್ಷದೊಳಗೆ ಹಿಡಿ ಕೊಂಚ ಸಡಿಲ. ಬಡಿದ ಸರಳನ್ನು ಮತ್ತೆ ಬಿಗಿ ಮಾಡಲಾಗದು, ನಟ್ಟನ್ನು ಮಾಡಬಹುದು. ಹೋಳಿಗೂ ಬಾಲಕ್ಕೂ ನಡುವಿನ ಸಂದಿಗೆ ಕರಗಿಸಿದ ಜೇನುಮೇಣ ಬಿಡಿ. ನೀರು ಇಳಿದು ಕಬ್ಬಿಣ ತುಕ್ಕು ಹಿಡಿಯುವುದು ತಪ್ಪುತ್ತದೆ.

ಕುಡುಗೋಲಿನಲ್ಲಿ ಇರುವಂಥ ಚೂಪು ಬಾಲ ಎರಡನೆಯದು. ಇಲ್ಲಿ ಪ್ಲಾಸ್ಟಿಕ್ಕಿನ ಕುಗ್ಗುವ ಗುಣವೇ ನಮಗೆ ನೆರವಾಗುತ್ತದೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ: ಕಾಯಿಸಿ ತೊಡಿಸುತ್ತಾರೆ, ತಣಿದಾಗ ಪಟ್ಟಿ ಕುಗ್ಗಿ ಮರವನ್ನು ಅಪ್ಪಿ ಹಿಡಿಯುತ್ತದೆ. ಬಾಲದ ಎರಡೂ ಅಂಚಿಗೆ ಅರದಿಂದ ನಾಲ್ಕೈದು ಕಚ್ಚು ಮಾಡಿ. ದಿಮ್ಮಿಯಲ್ಲಿ ಬಾಲಕ್ಕಿಂತ ಸ್ವಲ್ಪ ಕಿರಿದಾದ ತೂತು ಕೊರೆಯಿರಿ. ರಟ್ಟು ತೆಗೆದು ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನು ಮಾತ್ರ ಕಾಯಿಸಿ. ಹದ ತಿಳಿಯಲು ಪ್ಲಾಸ್ಟಿಕ್ ಚೂರೊಂದನ್ನು ಅದಕ್ಕೆ ತಾಗಿಸಿ ನೋಡಿ: ಹೊಗೆಯಿಲ್ಲದೆ ಕರಗಿದರೆ ಸರಿ, ಹೊಗೆ ಬಂದರೆ ತುಸು ಆರಲು ಬಿಡಿ. ಆಮೇಲೆ ದಿಮ್ಮಿಗೆ ನೇರವಾಗಿ ಒತ್ತಿ, ಅಲುಗಿಸದೆ ಹಿಡಿದುಕೊಳ್ಳಿ. ಕರಗಿದ ಪ್ಲಾಸ್ಟಿಕ್ ಕಚ್ಚುಗಳಿಗೆ ಹರಿದು, ತಣಿದು, ಬಿಗಿಯಾಗುತ್ತದೆ. ಕಾವು ಅಲಗಿಗೆ ಏರಬಾರದು. ಉಕ್ಕು ಒಣಹುಲ್ಲಿನ ಹಳದಿಗೆ ತಿರುಗಿತೆಂದರೆ 200 ಡಿಗ್ರಿ ದಾಟಿದೆ ಎಂದರ್ಥ. ಇನ್ನೂ ಕಾದರೆ ಅಲಗಿನ ಹದ ಕೆಟ್ಟು ಚಾಕು ಮೊಂಡಾಗುತ್ತದೆ.

ಆಕಾರ ಕೊಡಲು ಮರಳು ಕಾಗದ ಮೊದಲೇ ಹಿಡಿಯಬೇಡಿ, ಜುಂಜು ಏಳುತ್ತದೆ. ಹರಿತವಾದ ಉಳಿ, ದಪ್ಪ ಹಲ್ಲಿನ ಅರ, ಬಡಗಿಯ ರಂದಾ ಇದ್ದರೆ ಸೌತೆಕಾಯಿ ಸಿಪ್ಪೆಯಂತೆ ಸಲೀಸಾಗಿ ಏಳುತ್ತದೆ. ಕೊನೆಗೆ ಬ್ಲೇಡಿನ ಅಂಚಿನಿಂದ ಕೆರೆದು ನಯ ಮಾಡಿ. ಪೂರ್ತಿ ನಯವೂ ಬೇಡ: ಕೈಗೆ ಎಣ್ಣೆಯೋ ಮೀನಿನ ಲೋಳೆಯೋ ಹತ್ತಿದಾಗ ಜಾರುತ್ತದೆ. ಬೆರಳಿಗೊಂದು ತಗ್ಗು, ಅಲಗಿನ ಬುಡದಲ್ಲಿ ಕೈ ಮುಂದೆ ಜಾರದಂತೆ ಒಂದು ಉಬ್ಬು, ಮಗ್ಗುಲಲ್ಲಿ ನಾಲ್ಕು ಅಡ್ಡಗೀರು ಇರಲಿ. ಉದುರಿದ ಹೆರೆಯನ್ನೆಲ್ಲ ಕೆಳಗೆ ಹಾಸಿದ ಬಟ್ಟೆಯಲ್ಲೇ ಹಿಡಿದಿಟ್ಟು ಮುಂದಿನ ದಿಮ್ಮಿಗೆ ಹಾಕಿ. ಗುಡಿಸಿ ಚರಂಡಿಗೆ ಬಿಟ್ಟರೆ ಅದು ಕೆರೆಗೆ, ಹೊಳೆಗೆ ಸೇರುವ ಪ್ಲಾಸ್ಟಿಕ್ ಪುಡಿಯಾಗುತ್ತದೆ; ಇಷ್ಟೆಲ್ಲ ಪಟ್ಟ ಶ್ರಮ ವ್ಯರ್ಥ.

ಈ ಹಿಡಿ ಎಲ್ಲದಕ್ಕೂ ಆಗುವುದಿಲ್ಲ. ನೀರು ಹೀರುವುದಿಲ್ಲ, ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಮಲೆನಾಡಿನ ಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಮರಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಆದರೆ ಉರಿಯುವ ಒಲೆಯ ಪಕ್ಕ ಇಟ್ಟರೆ ಮೆತ್ತಗಾಗುತ್ತದೆ, ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಬಣ್ಣ ಮಾಸಿ ಬಿರುಕು ಬಿಡುತ್ತದೆ. ತೆಂಗಿನಕಾಯಿ ಒಡೆಯುವ, ಸೌದೆ ಸೀಳುವ ಮಚ್ಚಿಗೆ ಇದನ್ನು ಹಾಕಲೇಬೇಡಿ. ಅಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಹಿಡಿ ಸಡಿಲಾದರೆ ಅಲಗು ಹಾರಿ ಯಾರ ಮೇಲಾದರೂ ಬೀಳಬಹುದು. ಅದಕ್ಕೆ ಮರದ ಕಾವೇ ಸರಿ. ಬಾಟಲಿಯ ಬಣ್ಣದಲ್ಲಿ ಏನೇನಿದೆ ಎಂದು ನಮಗೆ ಗೊತ್ತಿರುವುದಿಲ್ಲವಾದ್ದರಿಂದ ಈ ಪ್ಲಾಸ್ಟಿಕ್ಕಿನಿಂದ ಚಮಚ, ತರಕಾರಿ ಹೆಚ್ಚುವ ಮಣೆಯಂಥ ಆಹಾರಕ್ಕೆ ತಾಗುವ ಸಾಮಾನು ಮಾಡಬೇಡಿ.

ಮೊದಲ ಸಲ ಮಾಡುವವರು ಪಟ್ಟಿ ಬಾಲದ ಸಣ್ಣ ತರಕಾರಿ ಚಾಕು ಆರಿಸಿಕೊಳ್ಳಿ. ಅಮ್ಮನ ಚಾಕು ಅಂಥದ್ದೇ. ಹೊಸ ಹಿಡಿಗೆ ಈಗ ಮೂರು ಮಳೆಗಾಲ ಕಳೆದಿವೆ, ಎರಡು ಸಲ ನಟ್ಟು ಬಿಗಿ ಮಾಡಿದ್ದೇನೆ.