ಕತೆಗಾರನನ್ನು ತಡೆದು ಹಾಡುವ ಊರು

ಎಫುವಾ ಸದರ್ಲೆಂಡ್ ಅವರ 'ದಿ ಮ್ಯಾರೇಜ್ ಆಫ್ ಅನಾನ್ಸೆವಾ' ನಾಟಕಕ್ಕಿಂತ ಅದರ ಮುನ್ನುಡಿಯೇ ನನ್ನನ್ನು ಹಿಡಿದು ಕೂರಿಸಿತು. 1975ರಲ್ಲಿ ಅಚ್ಚಾದ ಈ ಪುಸ್ತಕ ತೆರೆದದ್ದು ಘಾನಾದ ತುಂಟ ಜೇಡ ಅನಾನ್ಸೆಯ ಕಿತಾಪತಿಗಾಗಿ. ಮುನ್ನುಡಿಯಲ್ಲಿ ಸಿಕ್ಕಿದ್ದು ಮ್ಬೊಗುವೊ. ಅಂದಿನಿಂದ ಎದುರಾದವರಿಗೆಲ್ಲ ಅದರ ಸುದ್ದಿಯೇ ಹೇಳುತ್ತಿದ್ದೇನೆ.

ಘಾನಾದ ಅಕಾನ್ ಜನರಲ್ಲಿ ಕತೆ ಹೇಳುವವರು ಒಂದೇ ಸಮ ಹೇಳುತ್ತ ಹೋಗುವಂತಿಲ್ಲ. ಕತೆ ಓಟದಲ್ಲಿರುವಾಗಲೇ ಕೇಳುಗರ ನಡುವಿಂದ ಯಾರೋ ತಡೆದು ಹಾಡು ಎತ್ತುತ್ತಾರೆ. ಕತೆಗಾರ ಸುಮ್ಮನಾಗಬೇಕು. ಡೋಲು, ಚಪ್ಪಾಳೆ, ಕುಣಿತ, ಎಲ್ಲರ ಸೊಲ್ಲು. ಅದು ಮುಗಿದ ಮೇಲೆ ಬಿಟ್ಟಲ್ಲಿಂದ ಕತೆ ಮುಂದಕ್ಕೆ. ಇದೇ ಮ್ಬೊಗುವೊ. ಹಾಡು ಕತೆಯೊಳಗಿನದೇ ಆಗಿರಬೇಕೆಂದಿಲ್ಲ. ಕತೆ ಜೋಲು ಬಿದ್ದಾಗ ಮಂದಿಯನ್ನು ಎಬ್ಬಿಸಲೆಂದೇ ಹಾಡುವುದೂ ಉಂಟು. ನಮ್ಮಲ್ಲಿ ಅಜ್ಜಿಯ ಕತೆಗೆ ಹೂಂಗುಟ್ಟುವವರು ಬೇಕಲ್ಲ, ಅಲ್ಲಿನ ಕೇಳುಗರು ಹೂಂಗುಟ್ಟಿ ಸುಮ್ಮನಾಗದೆ ಕತೆಯಲ್ಲೇ ಪಾಲು ಪಡೆಯುತ್ತಾರೆ. ಬೇಸರ ಬಂದರೆ ಎದ್ದು ಹೋಗಬೇಕಿಲ್ಲ, ಹಾಡಬಹುದು! ಕೇಳುಗರಿಗೆ ಇಷ್ಟು ಅಧಿಕಾರ ಕೊಟ್ಟ ಇನ್ನೊಂದು ಕಲೆ ನನಗೆ ಕಂಡಿಲ್ಲ.

ಬ್ರಿಟಿಷ್ ಅಧಿಕಾರಿ ಆರ್. ಎಸ್. ರ‍್ಯಾಟ್ರೆ 1930ರಲ್ಲೇ ಅಕಾನರ ಇಂಥ ಕತೆಗಳನ್ನು ಪುಸ್ತಕವಾಗಿಸಿದ್ದ. ಆಕಾಶದೇವರು ನ್ಯಾಮೆಯ ಬಳಿಯಿದ್ದ ಕತೆಗಳಿಗೆ ಹೆಬ್ಬಾವು, ಚಿರತೆ, ಕಣಜಗಳು ಮತ್ತು ಮ್ಮೊಆಟಿಯಾ ಎಂಬ ಕಾಡಿನ ಕುಳ್ಳಿಯನ್ನು ಬೆಲೆಯಾಗಿ ತೆತ್ತು ಅನಾನ್ಸೆ ಅವನ್ನು ತನ್ನದಾಗಿಸಿಕೊಂಡ ಪ್ರಸಂಗ ಅದರಲ್ಲಿದೆ. ಉಪಾಯ ಹೇಳಿಕೊಟ್ಟವಳು ಹೆಂಡತಿ ಅಸೊ, ಹೆಸರು ಮಾತ್ರ ಗಂಡನಿಗೆ. ಹೇಳುವುದೆಲ್ಲ ನಿಜವಲ್ಲ ಎಂದು ಮೊದಲೇ ಸಾರಿಕೊಂಡು ದೇವರನ್ನೂ ದೊರೆಯನ್ನೂ ನಗೆಗೆ ಗುರಿಮಾಡುವ ಸಲುಗೆಯನ್ನೂ ರ‍್ಯಾಟ್ರೆ ಗುರುತಿಸಿದ್ದ. ದೊಡ್ಡ ಕೆಲಸವೇ. ಆದರೆ ಅಚ್ಚಾದ ಪುಟವನ್ನು ಯಾರೂ ಹಾಡಿ ತಡೆಯಲಾರರು.

ಸದರ್ಲೆಂಡ್ ಹಿಡಿದ ದಾರಿ ಬೇರೆ. 1924ರಲ್ಲಿ ಕೇಪ್ ಕೋಸ್ಟ್‌ನಲ್ಲಿ ಹುಟ್ಟಿದ ಈಕೆ ಮಕ್ಕಳಿಗೆ ಪಾಠ ಹೇಳಿದವರು, ನಾಟಕ ಬರೆದವರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾಜಧಾನಿ ಅಕ್ರಾದಲ್ಲಿ ಘಾನಾ ಡ್ರಾಮಾ ಸ್ಟುಡಿಯೊ ಕಟ್ಟಿದರು. ಅಷ್ಟಕ್ಕೆ ತೃಪ್ತರಾಗದೆ ಕತೆಗಳಿಗೆ ಹೆಸರಾದ ಎಕುಂಫಿ ಅಟ್ವಿಯಾ ಎಂಬ ಫಾಂಟೆ ಜನರ ಹಳ್ಳಿಗೆ ಹೋದರು. 1960ರ ದಶಕದಲ್ಲಿ ಊರವರ ಜೊತೆಗೂಡಿ ಅಲ್ಲಿ ಎಬ್ಬಿಸಿದ್ದೇ ಕೊಡ್ಜಿದಾನ್, ಕತೆಯ ಮನೆ. ಅದನ್ನು ಕತೆಗಳ ಸಂಗ್ರಹಾಲಯವೆಂದರೆ ತಪ್ಪಾಗುತ್ತದೆ. ಊರ ಮಂದಿ ಕೂತು ಹೇಳಿ, ಕೇಳಿ, ತಡೆದು, ಹಾಡಲು ಒಂದು ಚಾವಡಿ ಅದು.

ಅಲ್ಲಿ ಕಂಡದ್ದನ್ನೇ ಆಕೆ ರಂಗಕ್ಕೆ ತಂದು 'ಅನಾನ್ಸೆಗೊರೊ' ಎಂದು ಕರೆದರು. ನಾಟಕದಲ್ಲಿ ಅನಾನ್ಸೆ ಮಗಳು ಅನಾನ್ಸೆವಾಳನ್ನು ತೋರಿಸಿ ನಾಲ್ವರು ದೊರೆಗಳಿಂದ ಉಡುಗೊರೆ ಎಳೆಯುತ್ತಾನೆ. ನಾಲ್ವರೂ ಬರುವ ಹೊತ್ತಿಗೆ ಮಗಳು ಸತ್ತಳೆಂದು ನಾಟಕ ಹೂಡುತ್ತಾನೆ. ಕತೆಗಾರ ರಂಗದ ಮೇಲೇ ಇರುತ್ತಾನೆ, ಮ್ಬೊಗುವೊ ಹಾಡುವವರೂ ಇರುತ್ತಾರೆ.

ಸದರ್ಲೆಂಡ್ 1996ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಅಕ್ರಾದ ಡ್ರಾಮಾ ಸ್ಟುಡಿಯೊವನ್ನು ಕೆಡವಿ ಆ ಜಾಗದಲ್ಲಿ ರಾಷ್ಟ್ರೀಯ ರಂಗಮಂದಿರ ಕಟ್ಟಲಾಯಿತು. ಹಳೆಯದರ ಪ್ರತಿರೂಪವೊಂದು ಲೆಗಾನ್‌ನ ವಿಶ್ವವಿದ್ಯಾಲಯದಲ್ಲಿದೆ. ದೊಡ್ಡ ಮಂದಿರಕ್ಕಾಗಿ ಆ ಪುಟ್ಟ ಅಂಗಳವನ್ನು ಒಡೆಯಬಾರದಿತ್ತು.

ನಮ್ಮ ಹವ್ಯಾಸಿ ರಂಗತಂಡಗಳು ಈ ನಾಟಕವನ್ನು ಎತ್ತಿಕೊಳ್ಳಬೇಕು. ಸಮಯ ಉಳಿಸಲೆಂದು ಮ್ಬೊಗುವೊ ಭಾಗಗಳಿಗೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ.